ಮುಧೋಳ ನಾಯಿ: ಒಂದು ಸೂಲಿನ ಮರಿಗಳಲ್ಲಿ ಯಾವುದನ್ನು ಆರಿಸಬೇಕು?

ಸಂತೆಯಲ್ಲಿ ಎತ್ತು ಕೊಳ್ಳುವ ರೈತನು ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ತಟ್ಟಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಸಾಲದ್ದಕ್ಕೆ ಊರಿನ ತಿಳಿದವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿರುತ್ತಾನೆ. ಅದೇ ರೈತನು ನಾಯಿಮರಿ ತರಲು ಹೋದಾಗ, ಬುಟ್ಟಿಯಲ್ಲಿ ಮೊದಲು ತಲೆಯೆತ್ತಿದ ಮರಿಯನ್ನು ಹಿಡಿದು, ಹಣ ಕೊಟ್ಟು, ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಾನೆ. ಎತ್ತು ಕೈಕೊಟ್ಟರೆ ಮುಂದಿನ ಸಂತೆಗೆ ಹೊಡೆದುಕೊಂಡು ಹೋಗಬಹುದು. ನಾಯಿಯ ವಿಷಯ ಹಾಗಲ್ಲ. ಅದು ಹತ್ತು ಹನ್ನೆರಡು ವರ್ಷ ನಿಮ್ಮ ಅಂಗಳದಲ್ಲಿ, ನಿಮ್ಮ ಮಕ್ಕಳ ನಡುವೆ, ನಿಮ್ಮ ಆಡು ಕುರಿ ಕೋಳಿಗಳ ಪಕ್ಕದಲ್ಲಿ ಬಾಳತಕ್ಕ ಪ್ರಾಣಿ. ಆರಿಸುವಲ್ಲಿ ತಪ್ಪಿದರೆ ಆ ತಪ್ಪಿನೊಂದಿಗೆ ಅಷ್ಟು ಕಾಲ ಬದುಕಬೇಕಾಗುತ್ತದೆ.

ಈ ಪಾಠದಲ್ಲಿ ನಮ್ಮ ಮುಧೋಳ ನಾಯಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ಒಂದು ಸೂಲಿನ ಐದಾರು ಮರಿಗಳಲ್ಲಿ ಒಂದನ್ನು ಹೇಗೆ ಆರಿಸಬೇಕೆಂಬುದನ್ನು ನೋಡೋಣ. ಮೊದಲೇ ಒಂದು ಮಾತು ಹೇಳಿಬಿಡುವುದು ಒಳ್ಳೆಯದು. ಮರಿಯನ್ನು ಆರಿಸುವುದಕ್ಕಿಂತ ಮುಂಚೆ ತಾಯಿಯನ್ನು ಆರಿಸಬೇಕು, ಮರಿ ಬೆಳೆದ ಮನೆಯನ್ನು ಆರಿಸಬೇಕು. ಇವೆರಡೂ ಸರಿಯಾಗಿದ್ದರೆ ಆ ಸೂಲಿನ ಆರೋಗ್ಯವಂತ ಮರಿಗಳಲ್ಲಿ ಯಾವುದನ್ನು ತಂದರೂ ಹೆಚ್ಚು ನಷ್ಟವಿಲ್ಲ. ಇವೆರಡೂ ಕೆಟ್ಟಿದ್ದರೆ ಎಂಥ ಜಾಣನಿಗೂ ಆ ಬುಟ್ಟಿಯಲ್ಲಿ ಒಳ್ಳೆಯ ಮರಿ ಸಿಕ್ಕುವುದು ಕಷ್ಟ.

ನಿಮಗೆ ಈ ನಾಯಿ ಯಾವ ಕೆಲಸಕ್ಕೆ?

ಮುಧೋಳ ನಾಯಿ ಬೇಟೆಯ ತಳಿ. ವಾಸನೆ ಹಿಡಿದು ಹೋಗುವುದಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬಿದ್ದುದನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಜಾತಿ. ಉದ್ದ ಮುಖ, ಆಳವಾದ ಎದೆ, ಒಳಸೇರಿದ ಹೊಟ್ಟೆ, ನೀಳ ಕಾಲು, ಇವೆಲ್ಲ ಓಟಕ್ಕಾಗಿಯೇ ಬಂದ ಅಂಗಗಳು. ದಖ್ಖನದ ಬಯಲುನಾಡಿನಲ್ಲಿ ಬೇಡರೇ ಮೊದಲಾದವರು ತಲೆತಲಾಂತರದಿಂದ ಇದನ್ನು ಸಾಕುತ್ತ ಬಂದರು. ಮುಧೋಳ ಸಂಸ್ಥಾನದ ಅರಸರಾಗಿದ್ದ ಮಾಲೋಜಿರಾವ್ ಘೋರ್ಪಡೆಯವರು ಈ ನಾಯಿಗಳನ್ನು ಗಮನಿಸಿ, ಆಯ್ದು ಬೆಳೆಸಿ ತಳಿಗೆ ಹೆಸರು ತಂದರು. ಭಾರತೀಯ ಅಂಚೆ ಇಲಾಖೆ 2005ರಲ್ಲಿ ನಮ್ಮ ದೇಶದ ನಾಯಿ ತಳಿಗಳ ಮೇಲೆ ಹೊರತಂದ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದು. 2016ರಲ್ಲಿ ಭಾರತೀಯ ಸೇನೆ ಈ ತಳಿಯ ಮರಿಗಳನ್ನು ಮೀರತ್‌ನ ತನ್ನ ಕೇಂದ್ರಕ್ಕೆ ಒಯ್ದು ತರಬೇತಿಗೆ ಹಚ್ಚಿತು. ಇಷ್ಟೆಲ್ಲ ಕೀರ್ತಿ ಬಂದ ಮೇಲೆ ಮರಿಗಳ ಬೆಲೆಯೂ ಏರಿತು, ಹೆಸರಿಗೆ ಮಾತ್ರ ಮುಧೋಳವಾದ ಬೆರಕೆ ಮರಿಗಳ ವ್ಯಾಪಾರವೂ ಏರಿತು.

ಬೇಟೆಯ ನಾಯಿ ಎಂದೊಡನೆ ಮೊಲದ ಶಿಕಾರಿಯ ನೆನಪು ಬರುವವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮೊಲ, ಜಿಂಕೆ, ಕೃಷ್ಣಮೃಗಗಳನ್ನು ಬೇಟೆಯಾಡುವುದು ಅಪರಾಧ. ಬಂದೂಕಿನಿಂದ ಹೊಡೆದರೂ ಅಷ್ಟೇ, ನಾಯಿ ಬಿಟ್ಟು ಹಿಡಿಸಿದರೂ ಅಷ್ಟೇ. ಹೊಲಕ್ಕೆ ಬರುವ ಕಾಡುಹಂದಿಯ ಮೇಲೆ ಈ ನಾಯಿಯನ್ನು ಛೂ ಬಿಡುವುದು ಕಾಯಿದೆಗೂ ವಿರುದ್ಧ, ನಾಯಿಯ ಪ್ರಾಣಕ್ಕೂ ಸಂಚಕಾರ. ಇದರ ಚರ್ಮ ತೆಳು, ಮೈಯಲ್ಲಿ ಕೊಬ್ಬು ಕಡಿಮೆ. ಹಂದಿಯ ಕೋರೆ ತಾಗಿದರೆ ಹೊಟ್ಟೆ ಸೀಳಿಹೋಗುತ್ತದೆ.

ಹಾಗಾದರೆ ಇದರಿಂದ ರೈತನಿಗೆ ಏನು ಉಪಯೋಗ? ತೋಟದ ಮನೆ, ಪಂಪ್‌ಸೆಟ್ಟು, ಕಣದ ಕಾಳು, ದನದ ಕೊಟ್ಟಿಗೆ ಇವುಗಳ ರಾತ್ರಿ ಕಾವಲಿಗೆ ಇದು ಒಳ್ಳೆಯ ನಾಯಿ. ದೃಷ್ಟಿ ತೀಕ್ಷ್ಣ; ದೂರದಲ್ಲಿ ಅಲುಗಾಡಿದ್ದನ್ನೂ ಬೇಗ ಗುರುತಿಸುತ್ತದೆ. ಒಬ್ಬ ಯಜಮಾನನನ್ನು ನಂಬಿದರೆ ಅವನನ್ನು ಬಿಡದು. ಆದರೆ ಇದಕ್ಕೆ ಓಡಾಡಲು ಜಾಗ ಬೇಕು, ದಿನಕ್ಕೆ ಎರಡು ಹೊತ್ತು ಅದರೊಂದಿಗೆ ಇರುವ ಮನುಷ್ಯ ಬೇಕು. ಬಾಗಿಲಲ್ಲಿ ಕಟ್ಟಿಹಾಕಿದರೆ ಬೊಗಳಲು ಒಂದು ನಾಯಿ ಸಾಕು ಎನ್ನುವವರು ಮುಧೋಳದ ತಂಟೆಗೆ ಹೋಗದಿರುವುದೇ ಲೇಸು. ಆ ಕೆಲಸಕ್ಕೆ ನಮ್ಮ ಊರ ನಾಯಿಯ ಮರಿಯೇ ಸಾಕು, ಅದು ಇದಕ್ಕಿಂತ ಚೆನ್ನಾಗಿಯೇ ಬೊಗಳುತ್ತದೆ. ಸರಪಳಿಯಲ್ಲೇ ಬೆಳೆದ ಮುಧೋಳ ನಾಯಿ ಒಂದೋ ಅಂಜುಬುರುಕವಾಗುತ್ತದೆ, ಇಲ್ಲವೇ ಒಂದು ದಿನ ಹಗ್ಗ ಹರಿದುಕೊಂಡು ನೆರೆಯವನ ಕುರಿಹಿಂಡಿಗೆ ನುಗ್ಗುತ್ತದೆ. ಕುರಿ ಸತ್ತರೆ ದಂಡ ತೆರುವವರು ನೀವು. ಊರಿನಲ್ಲಿ ವೈಮನಸ್ಸು ಬೇರೆ.

ಮೊದಲು ತಾಯಿ, ಆಮೇಲೆ ಮರಿ

ಮರಿ ಮಾರುವವರ ಮನೆಗೆ ನೀವೇ ಹೋಗಿ. ಬಸ್‌ ನಿಲ್ದಾಣಕ್ಕೆ ಮರಿ ತಂದುಕೊಡುತ್ತೇನೆ ಎನ್ನುವವನಿಂದ, ಸಂತೆಯ ಬುಟ್ಟಿಯಿಂದ ಮರಿ ಕೊಳ್ಳಬೇಡಿ. ಅಲ್ಲಿ ನಿಮಗೆ ತಾಯಿ ಕಾಣುವುದಿಲ್ಲ. ತಾಯಿ ಕಾಣದಿದ್ದರೆ ಅರ್ಧ ಪರೀಕ್ಷೆ ಹೋದಂತೆಯೇ. ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಳ್ಳಿಗಳಲ್ಲಿ ಈ ನಾಯಿಗಳನ್ನು ಮನೆತನದ ಕಸುಬಿನಂತೆ ಸಾಕುವ ಕುಟುಂಬಗಳಿವೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವೊಂದು ಇದೇ ತಾಲ್ಲೂಕಿನ ತಿಮ್ಮಾಪುರದಲ್ಲಿದೆ. ತಳಿಯ ವಿಷಯದಲ್ಲಿ ಸಂದೇಹವಿದ್ದವರು ಅಲ್ಲಿ ವಿಚಾರಿಸಬಹುದು.

ಹೋದ ಮನೆಯಲ್ಲಿ ತಾಯಿನಾಯಿಯನ್ನು ಮರಿಗಳೊಂದಿಗೆ ನೋಡಿ, ಮರಿಗಳಿಂದ ಬೇರೆಯಾಗಿಯೂ ನೋಡಿ. ಮರಿ ಹತ್ತಿರವಿದ್ದಾಗ ಅಪರಿಚಿತರನ್ನು ಕಂಡು ಗುರುಗುಟ್ಟುವುದು ತಾಯಿಯ ಧರ್ಮ, ಅದನ್ನು ದೋಷವೆನ್ನಲಾಗದು. ಒಡೆಯನು ಬಂದು ಕೊರಳು ಹಿಡಿದಾಗ ಅದು ಸುಮ್ಮನಾಗುತ್ತದೆಯೋ ಇಲ್ಲವೋ ಎಂಬುದು ಮುಖ್ಯ. ಮುಧೋಳ ನಾಯಿ ಸ್ವಭಾವತಃ ದೂರ ನಿಲ್ಲುವಂಥದು. ಹೊಸಬರು ಕೈಚಾಚಿದೊಡನೆ ಬಾಲ ಅಲ್ಲಾಡಿಸಿಕೊಂಡು ಬರುವುದಿಲ್ಲ, ಮೈಮುಟ್ಟಿಸಿಕೊಳ್ಳಲು ಇಷ್ಟಪಡುವುದಿಲ್ಲ. ಹೀಗೆ ದೂರ ನಿಂತು ನೆಟ್ಟಗೆ ನೋಡುವ ನಾಯಿಗೂ, ಬಾಲವನ್ನು ಹೊಟ್ಟೆಯ ಕೆಳಗೆ ಸೇರಿಸಿಕೊಂಡು ಮೂಲೆಯಲ್ಲಿ ನಡುಗುವ ನಾಯಿಗೂ ಬಹಳ ಅಂತರವಿದೆ. ಮೊದಲನೆಯದು ತಳಿಯ ಗುಣ. ಎರಡನೆಯದು ಭಯ, ಭಯಸ್ಥ ನಾಯಿಯೇ ಹೆಚ್ಚಾಗಿ ಮಕ್ಕಳನ್ನು ಕಚ್ಚುವುದು. ಈ ಭಯ ರಕ್ತದಿಂದಲೂ ಬರುತ್ತದೆ, ತಾಯಿಯನ್ನು ನೋಡಿ ಕಲಿಯುವುದರಿಂದಲೂ ಬರುತ್ತದೆ. ಆದಕಾರಣ ತಾಯಿ ಒಡೆಯನಿಗೇ ಅಂಜುವಂತಿದ್ದರೆ ಮರಿ ಎಷ್ಟೇ ಚೆಂದವಿರಲಿ, ಹಿಂತಿರುಗಿ ಬನ್ನಿ.

ತಾಯಿಯ ಮೈಯನ್ನೂ ಗಮನಿಸಿ. ಹಾಲೂಡಿಸುವ ನಾಯಿ ಬಡವಾಗಿರುವುದು ಸಹಜ. ಈ ತಳಿಯಲ್ಲಿ ಪಕ್ಕೆಲುಬು ಒಂದೆರಡು ಕಾಣುವುದೂ ಸಹಜ. ಆದರೆ ಕೂದಲು ಉದುರಿ ಕಜ್ಜಿ ಹಿಡಿದಿದ್ದರೆ, ಕಿವಿಯ ಒಳಗೆ ಉಣ್ಣೆಗಳು ಗೊಂಚಲು ಗೊಂಚಲಾಗಿದ್ದರೆ, ಒಸಡು ಬಿಳಿಚಿದ್ದರೆ ಆ ಮನೆಯವರು ನಾಯಿಯ ಆರೈಕೆ ಮಾಡಿಲ್ಲವೆಂದು ತಿಳಿಯಿರಿ. ತಂದೆ ಯಾವುದೆಂದು ಕೇಳಿ. ಸಾಧ್ಯವಿದ್ದರೆ ಅದನ್ನೂ ನೋಡಿ. ಒಂದೇ ಸೂಲಿನ ಅಣ್ಣ ತಂಗಿಯನ್ನೋ, ತಾಯಿ ಮಗನನ್ನೋ ಕೂಡಿಸಿ ಹುಟ್ಟಿಸಿದ ಮರಿಗಳಲ್ಲಿ ಹುಟ್ಟು ದೋಷಗಳು ಹೆಚ್ಚು. ಓಟ ಹೆಚ್ಚಲೆಂದು ಗ್ರೇಹೌಂಡ್ ಬೆರಸಿದ ಮರಿಗಳೂ ಮುಧೋಳದ ಹೆಸರಿನಲ್ಲಿ ಬರುತ್ತವೆ. ಅವು ವೇಗವಾಗಿ ಓಡಿಯಾವು, ನಿಜ. ಆದರೆ ನಮ್ಮ ಬಿಸಿಲು, ನಮ್ಮ ಕಲ್ಲುನೆಲ, ನಮ್ಮ ರೊಟ್ಟಿ ಇವಕ್ಕೆಲ್ಲ ಹೊಂದಿಕೊಂಡ ನಾಡತಳಿಯನ್ನು ಕೆಡಿಸಿ ಪಡೆಯುವ ಆ ವೇಗ ಕಾವಲಿಗೆ ಯಾಕೆ ಬೇಕು?

ಮರಿಗಳನ್ನು ಇಟ್ಟ ಜಾಗವೂ ಮಾತಾಡುತ್ತದೆ. ಪಡಸಾಲೆಯಲ್ಲೋ ಅಂಗಳದಲ್ಲೋ, ಮಕ್ಕಳ ಗಲಾಟೆ, ಪಾತ್ರೆಯ ಸದ್ದು, ದನ ಕರುಗಳ ಓಡಾಟ ಇವುಗಳ ನಡುವೆ ಬೆಳೆದ ಮರಿ ಒಂದು ಬಗೆ. ಹಿತ್ತಲಿನ ಕತ್ತಲೆಯ ಗೂಡಿನಲ್ಲಿ, ದಿನಕ್ಕೊಮ್ಮೆ ಗಂಜಿ ಸುರಿಯುವ ಕೈಯನ್ನು ಬಿಟ್ಟು ಬೇರೇನನ್ನೂ ಕಾಣದೆ ಬೆಳೆದ ಮರಿ ಇನ್ನೊಂದು ಬಗೆ. ನಾಯಿಮರಿಯ ಮನಸ್ಸು ಜಗತ್ತಿಗೆ ತೆರೆದುಕೊಳ್ಳುವ ಕಾಲ ಮೂರನೆಯ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕನೆಯ ವಾರದವರೆಗೆ. ಆ ಅವಧಿಯಲ್ಲಿ ಕಂಡದ್ದನ್ನು ಅದು ತನ್ನದೆಂದು ಒಪ್ಪಿಕೊಳ್ಳುತ್ತದೆ. ಕಾಣದೆ ಹೋದುದಕ್ಕೆ ಮುಂದೆ ಅಂಜುತ್ತದೆ. ಮರಿ ನಿಮ್ಮ ಕೈಗೆ ಬರುವ ಹೊತ್ತಿಗೆ ಆ ಕಾಲದ ಅರ್ಧ ಭಾಗ ಮಾರುವವರ ಮನೆಯಲ್ಲಿಯೇ ಕಳೆದುಹೋಗಿರುತ್ತದೆ.

ವಯಸ್ಸನ್ನು ಹಲ್ಲಿನಿಂದ ತಿಳಿಯಿರಿ

ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಬಾರದು. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ 2017ರಲ್ಲಿ ಬಂದ ಕೇಂದ್ರ ಸರಕಾರದ ನಿಯಮಗಳೂ ಎಂಟು ವಾರದೊಳಗಿನ ಮರಿಯ ಮಾರಾಟವನ್ನು ನಿಷೇಧಿಸುತ್ತವೆ. ಆದರೆ ಮರಿ ಚಿಕ್ಕದಿದ್ದಷ್ಟೂ ಮುದ್ದು, ಬೇಗ ಮಾರಿದಷ್ಟೂ ಹಾಲು ಗಂಜಿಯ ಖರ್ಚು ಉಳಿತಾಯ. ಹೀಗಾಗಿ ಐದು ವಾರದ ಮರಿಯನ್ನು ಎರಡು ತಿಂಗಳಿನದೆಂದು ಹೇಳಿ ಕೊಡುವವರು ಇದ್ದೇ ಇರುತ್ತಾರೆ.

ಎತ್ತಿನಂತೆ ಇಲ್ಲಿಯೂ ಬಾಯಿ ಬಿಡಿಸಿ ನೋಡಬಹುದು. ಮೂರನೆಯ ವಾರದ ಹೊತ್ತಿಗೆ ಹಾಲುಹಲ್ಲು ಮೂಡತೊಡಗುತ್ತವೆ. ಮುಂಬದಿಯ ಬಾಚಿಹಲ್ಲು, ಕೋರೆಹಲ್ಲುಗಳು ಮೊದಲು ಬರುತ್ತವೆ, ಹಿಂಬದಿಯವು ಆಮೇಲೆ. ಎಂಟು ವಾರದ ಸುಮಾರಿಗೆ ಒಟ್ಟು 28 ಹಾಲುಹಲ್ಲು ಬಂದಿರಬೇಕು: ಬಾಚಿಹಲ್ಲು 12, ಕೋರೆ 4, ಹಿಂಬದಿಯವು 12. ಹಿಂದಿನ ಒಸಡು ಇನ್ನೂ ಬರಿದಾಗಿದ್ದರೆ ಮರಿ ಎಳೆಯದು. ಹಾಗಿದ್ದಾಗ ಜಗಳ ಬೇಡ. ಮುಂಗಡ ಕೊಟ್ಟು ಮರಿಯನ್ನು ಅಲ್ಲಿಯೇ ಬಿಟ್ಟು ಎರಡು ಮೂರು ವಾರ ಕಳೆದು ಬನ್ನಿ. ಐದರಿಂದ ಎಂಟನೆಯ ವಾರದ ನಡುವೆ ಮರಿಯು ತನ್ನ ಒಡಹುಟ್ಟಿದವುಗಳೊಂದಿಗೆ ಕಚ್ಚಾಡುತ್ತಲೇ ಒಂದು ದೊಡ್ಡ ಪಾಠ ಕಲಿಯುತ್ತದೆ: ಎಷ್ಟು ಗಟ್ಟಿ ಕಚ್ಚಿದರೆ ಎದುರಿನವನಿಗೆ ನೋಯುತ್ತದೆ ಎಂಬುದು. ಬೇಗ ಬಿಡಿಸಿ ತಂದ ಮರಿಗೆ ಈ ಪಾಠವನ್ನು ನಿಮ್ಮ ಮಗುವಿನ ಕೈ ಕಲಿಸಬೇಕಾಗುತ್ತದೆ.

ದೂರ ಕುಳಿತು ನೋಡುವುದು

ಮನೆಗೆ ಹೋದೊಡನೆ ಮರಿಗಳನ್ನು ಎತ್ತಿಕೊಳ್ಳಬೇಡಿ. ಹತ್ತು ಮಾರು ದೂರದಲ್ಲಿ ಒಂದು ಕಟ್ಟೆಯ ಮೇಲೆ ಕುಳಿತು, ಕೊಟ್ಟ ಚಹಾ ಕುಡಿಯುತ್ತ ಅರ್ಧ ಗಂಟೆ ಸುಮ್ಮನೆ ನೋಡಿ. ತಂಪು ಹೊತ್ತಿನಲ್ಲಿ ಹೋಗುವುದು ಒಳ್ಳೆಯದು. ಮಧ್ಯಾಹ್ನದ ಬಿಸಿಲಿನಲ್ಲಿ, ಹೊಟ್ಟೆ ತುಂಬ ಉಂಡ ಮೇಲೆ ಎಲ್ಲ ಮರಿಗಳೂ ಮಲಗಿಯೇ ಇರುತ್ತವೆ. ಆಗ ರೋಗದ ಮರಿಯಾವುದು, ನಿದ್ದೆಯ ಮರಿಯಾವುದು ತಿಳಿಯುವುದಿಲ್ಲ. ಅನುಕೂಲವಿದ್ದರೆ ಎರಡು ಬೇರೆ ಬೇರೆ ದಿನ ಹೋಗಿ ಬನ್ನಿ. ಮೊದಲ ದಿನ ಎಲ್ಲರಿಗಿಂತ ಮುಂದಿದ್ದ ಮರಿ ಎರಡನೆಯ ದಿನ ಹಿಂದೆ ಬಿದ್ದಿರುವುದುಂಟು.

ಸಾಮಾನ್ಯವಾಗಿ ಎಲ್ಲರ ಕಣ್ಣೂ ಮೊದಲು ಓಡಿಬಂದು ಧೋತರ ಜಗ್ಗುವ ಮರಿಯ ಮೇಲೆ ಬೀಳುತ್ತದೆ. ಅದು ಧೈರ್ಯದ ಮರಿಯೇ ಹೌದು. ಆದರೆ ತನ್ನ ಒಡಹುಟ್ಟುಗಳನ್ನು ತುಳಿದು, ತಾಟಿನ ಮೇಲೆ ಕಾಲಿಟ್ಟು ಉಳಿದವನ್ನು ಉಣಗೊಡದ ಮರಿ ಮುಂದೆ ಕೈಗೆ ಸಿಕ್ಕುವುದು ಕಷ್ಟ. ನಾಯಿ ಸಾಕಿ ಪಳಗಿದವನಿಗೆ ಅದು ಸರಿ. ಮೊದಲ ಸಲ ಸಾಕುವವನಿಗೆ, ಮನೆಯಲ್ಲಿ ಚಿಕ್ಕಮಕ್ಕಳಿರುವವನಿಗೆ ತಕ್ಕದ್ದಲ್ಲ. ಮೂಲೆಯಲ್ಲಿ ಒಂಟಿಯಾಗಿ ಕುಳಿತು ಎಷ್ಟು ಹೊತ್ತಾದರೂ ಹೊರಬರದ ಮರಿಯನ್ನು ಕನಿಕರದಿಂದ ತರುವವರೂ ಇದ್ದಾರೆ. ಕನಿಕರ ಒಳ್ಳೆಯದು, ಆದರೆ ಆ ಮರಿಗೆ ರೋಗವಿರಬಹುದು, ಇಲ್ಲವೇ ಅದು ಹುಟ್ಟಾ ಅಂಜುಬುರುಕವಿರಬಹುದು. ಬಂದು ಮೂಸಿ, ಹಿಂದೆ ಸರಿದು, ಮತ್ತೆ ತಾನಾಗಿಯೇ ಬರುವ ಮರಿಯನ್ನು ಗುರುತಿಟ್ಟುಕೊಳ್ಳಿ. ಮುಧೋಳದಲ್ಲಿ ನಾನು ಬಯಸುವುದು ಇಂಥದನ್ನೇ.

ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಹಿತ್ತಾಳೆಯ ತಾಟನ್ನೋ ಕೊಡವನ್ನೋ ಮರಿಗಳಿಂದ ಹತ್ತು ಹನ್ನೆರಡು ಅಡಿ ದೂರದಲ್ಲಿ ನೆಲಕ್ಕೆ ಬೀಳಿಸಿ. ಮರಿ ಬೆಚ್ಚಬೇಕು, ಬೆಚ್ಚದಿದ್ದರೆ ಅದಕ್ಕೆ ಕಿವಿ ಕೇಳುತ್ತದೆಯೋ ಎಂದು ಸಂಶಯಿಸಬೇಕು. ಬೆಚ್ಚಿದ ಮೇಲೆ ಎಷ್ಟು ಬೇಗ ಸಾವರಿಸಿಕೊಂಡಿತು ಎಂಬುದನ್ನು ಲಕ್ಷ್ಯವಿಟ್ಟು ನೋಡಿ. ಸ್ವಲ್ಪ ಹೊತ್ತಿನಲ್ಲಿ ಕುತೂಹಲದಿಂದ ಆ ತಾಟಿನ ಕಡೆಗೆ ನಡೆದುಹೋಗಿ ಮೂಸುವ ಮರಿ ಒಳ್ಳೆಯದು. ಐದು ನಿಮಿಷವಾದರೂ ತಾಯಿಯ ಹಿಂದೆ ಅಡಗಿರುವುದು ಬೇಡ. ಕಿವುಡಿನ ಸಂಶಯವಿದ್ದರೆ ಆ ಮರಿಯೊಂದನ್ನೇ ಬೇರೆಡೆಗೆ ಒಯ್ದು ಅದರ ಬೆನ್ನ ಹಿಂದೆ ಚಪ್ಪಾಳೆ ತಟ್ಟಿ ನೋಡಿ. ಗುಂಪಿನಲ್ಲಿದ್ದಾಗ ಕಿವುಡು ಮರಿಯೂ ಉಳಿದವು ಎದ್ದಾಗ ಎದ್ದು, ಓಡಿದಾಗ ಓಡಿ ದೋಷ ಮುಚ್ಚಿಟ್ಟುಕೊಳ್ಳುತ್ತದೆ.

ದಾರಕ್ಕೆ ಕೋಳಿಯ ಗರಿಯನ್ನೋ ಬಟ್ಟೆಯ ತುಂಡನ್ನೋ ಕಟ್ಟಿ ನೆಲದ ಮೇಲೆ ಎಳೆದರೆ ಈ ತಳಿಯ ಮರಿಗಳು ಹೆಚ್ಚುಕಡಿಮೆ ಎಲ್ಲವೂ ಬೆನ್ನಟ್ಟುತ್ತವೆ. ನೋಡಲು ಸೊಗಸಾದ ಆಟ. ಆದರೆ ಮೊದಲು ಗರಿ ಹಿಡಿದ ಮರಿಯೇ ಮುಂದೆ ದೊಡ್ಡ ಓಟಗಾರನಾಗುತ್ತದೆಂದು ನಂಬಿ ಹೆಚ್ಚು ಹಣ ಕೊಡಬೇಡಿ. ಏಳೆಂಟು ವಾರದ ಮರಿಯ ಇಂಥ ಪರೀಕ್ಷೆಗಳಿಂದ ಬೆಳೆದ ನಾಯಿಯ ಕೆಲಸದ ಗುಣವನ್ನು ಹೇಳುವುದು ಬಹುಮಟ್ಟಿಗೆ ಆಗದ ಮಾತೆಂದು ನಾಯಿಗಳ ಮೇಲೆ ನಡೆದ ಅಧ್ಯಯನಗಳು ತೋರಿಸಿವೆ. ಅತಿ ಅಂಜಿಕೆ, ಕಿವುಡು, ಕುರುಡು, ಜಡತ್ವ ಇವನ್ನು ಕಂಡುಹಿಡಿಯುವಷ್ಟಕ್ಕೆ ಮಾತ್ರ ಅವು ಉಪಯುಕ್ತ.

ಕೈಗೆತ್ತಿಕೊಂಡು ನೋಡುವುದು

ಈಗ ಒಂದೊಂದಾಗಿ ಎತ್ತಿಕೊಳ್ಳಿ. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಗಾಲುಗಳ ಕೆಳಗೆ ಇರಲಿ. ಕಣ್ಣು ಹೊಳಪಾಗಿ, ಪಿಸುರಿಲ್ಲದೆ ಇರಬೇಕು. ಮೂಗಿನಲ್ಲಿ ಸಿಂಬಳ, ಕೆಮ್ಮು ಇರಬಾರದು. ಬಾಯಿ ಬಿಡಿಸಿ ಒಸಡನ್ನು ನೋಡಿ. ಕೆಂಪು ಗುಲಾಬಿ ಬಣ್ಣವಿದ್ದರೆ ಸರಿ. ಬಿಳಿಚಿದ್ದರೆ ಕೊಕ್ಕೆಹುಳು ರಕ್ತ ಹೀರುತ್ತಿರುವ ಸಂಭವ ಹೆಚ್ಚು. ಅಂಗುಳು ಸೀಳಿಲ್ಲವೆಂಬುದನ್ನು ಬೆರಳಾಡಿಸಿ ಖಚಿತ ಮಾಡಿಕೊಳ್ಳಿ. ಬಾಯಿ ಮುಚ್ಚಿದಾಗ ಮೇಲಿನ ಬಾಚಿಹಲ್ಲುಗಳು ಕೆಳಗಿನವುಗಳನ್ನು ಕತ್ತರಿಯಂತೆ ತುಸು ಮುಚ್ಚಬೇಕು. ಉದ್ದ ಮುಖದ ಮರಿಯಲ್ಲಿ ಮೇಲ್ದವಡೆ ತುಸು ಮುಂದಿರುವುದು ಬೆಳೆದಂತೆ ಸರಿಹೋಗಬಹುದು. ಕೆಳದವಡೆ ಮುಂಚಾಚಿದ್ದರೆ ಸರಿಹೋಗುವ ಆಸೆ ಬೇಡ.

ಹೊಟ್ಟೆಯ ವಿಷಯದಲ್ಲಿ ಹಲವರು ಮೋಸಹೋಗುತ್ತಾರೆ. ಗುಡಾಣದಂತೆ ಉಬ್ಬಿದ ಹೊಟ್ಟೆ ಕಂಡು ಮರಿ ಪುಷ್ಟಿಯಾಗಿದೆ ಎನ್ನುತ್ತಾರೆ. ಬೆನ್ನೆಲುಬು ಕೈಗೆ ಚುಚ್ಚುತ್ತಿದ್ದು ಹೊಟ್ಟೆ ಮಾತ್ರ ಉಬ್ಬಿದ್ದರೆ ಅದು ಪುಷ್ಟಿಯಲ್ಲ, ಜಂತುಹುಳು. ದುಂಡುಹುಳುಗಳು ತಾಯಿಯ ಗರ್ಭದಲ್ಲಿರುವಾಗಲೇ ಮರಿಗೆ ಬರುತ್ತವೆ, ಕೊಕ್ಕೆಹುಳು ಹಾಲಿನ ಮೂಲಕವೂ ಬರುತ್ತದೆ. ಆದ್ದರಿಂದಲೇ ಎರಡನೆಯ ವಾರದಿಂದ ಎಂಟನೆಯ ವಾರದವರೆಗೆ ಎರಡು ವಾರಕ್ಕೊಮ್ಮೆ ಮರಿಗಳಿಗೆ ಜಂತುಹುಳುವಿನ ಔಷಧ ಕೊಡಬೇಕೆಂಬ ನಿಯಮವಿದೆ. ಯಾವ ಯಾವ ದಿನ ಕೊಟ್ಟಿದ್ದಾರೆಂದು ಕೇಳಿ. ಈ ಹುಳುಗಳ ಮೊಟ್ಟೆ ಮಣ್ಣಿನ ಮೂಲಕ ಮಕ್ಕಳ ಹೊಟ್ಟೆಗೂ ಸೇರಬಲ್ಲವು. ಮರಿ ಮುಟ್ಟಿದ ಮೇಲೆ ಸಾಬೂನಿನಿಂದ ಕೈತೊಳೆಯುವ ರೂಢಿ ಮನೆಯಲ್ಲಿರಬೇಕು.

ಹೊಕ್ಕುಳ ಬಳಿ ಮೆತ್ತನೆಯ ಗಂಟು ಇದೆಯೇ ಮುಟ್ಟಿ ನೋಡಿ. ಕಡಲೆಕಾಳಿನಷ್ಟಿದ್ದರೆ ತಾನಾಗಿ ಮುಚ್ಚಿಕೊಳ್ಳಬಹುದು; ದೊಡ್ಡದಿದ್ದರೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಗಂಡು ಮರಿಯಾದರೆ ಎರಡೂ ಬೀಜ ಕೆಳಗಿಳಿದಿವೆಯೇ ನೋಡಿ. ಎಂಟು ವಾರಕ್ಕೆ ಸಾಮಾನ್ಯವಾಗಿ ಕೈಗೆ ಸಿಗುತ್ತವೆ. ಒಂದೇ ಇದ್ದ ಮರಿ ಕಾವಲಿಗೆ ಅಡ್ಡಿಯಿಲ್ಲ, ತಳಿ ಎಬ್ಬಿಸಲು ಬೇಡ. ಬಾಲದ ಕೆಳಗೆ ಹೇಲು ಅಂಟಿಕೊಂಡಿದ್ದರೆ ಭೇದಿ ಇದೆಯೆಂದೇ ಅರ್ಥ. ಅಂಥ ಒಂದು ಮರಿ ಇದ್ದರೂ ಆ ದಿನ ಆ ಬುಟ್ಟಿಯಿಂದ ಯಾವ ಮರಿಯನ್ನೂ ತರಬೇಡಿ. ಕಣ್ಣಿನ ಸುತ್ತ, ಮುಂಗಾಲಿನ ಮೇಲೆ ಕೂದಲುದುರಿ ಬೋಳಾದ ಮಚ್ಚೆಗಳಿದ್ದರೆ ಅದೊಂದು ಬಗೆಯ ಕಜ್ಜಿ. ಅದಕ್ಕೆ ಈಡಾಗುವ ಗುಣ ವಂಶದಲ್ಲಿ ಹರಿದುಬರುತ್ತದೆ.

ಕೊನೆಗೆ ಮರಿಯನ್ನು ಗಟ್ಟಿ ನೆಲದ ಮೇಲೆ ಬಿಟ್ಟು ಹಿಂದಿನಿಂದ, ಮುಂದಿನಿಂದ, ಪಕ್ಕದಿಂದ ನಡಿಗೆ ನೋಡಿ. ಮುಂಗಾಲಿನ ಮಣಿಕಟ್ಟು ದಪ್ಪ ಗಂಟಿನಂತೆ ಕಾಣುವುದು ಬೆಳೆಯುವ ಮರಿಗೆ ಸಹಜ. ಕಾಲು ಬಿಲ್ಲಿನಂತೆ ಬಾಗಿದ್ದರೆ, ಪಾದ ಅಗಲವಾಗಿ ಚಪ್ಪಟೆಯಾಗಿದ್ದರೆ, ನಡೆಯುವಾಗ ನೋವಿನಿಂದ ಕುಂಟಿದರೆ ಸುಣ್ಣದಂಶದ ಕೊರತೆಯೋ ಬೇರೆ ದೋಷವೋ ಇರಬಹುದು. ಓಡುವುದೇ ಬಾಳಾದ ತಳಿಗೆ ಕಾಲು ಕೆಟ್ಟರೆ ಉಳಿದದ್ದೇನು?

ತಳಿಯ ಗುರುತು

ಎಂಟು ವಾರದ ಮರಿಯಲ್ಲಿ ದೊಡ್ಡ ನಾಯಿಯ ಅಳತೆ ಸ್ವಲ್ಪಮಟ್ಟಿಗೆ ಕಾಣಿಸುತ್ತದೆ. ಬೆಳೆದ ಗಂಡುನಾಯಿ ಭುಜದ ಬಳಿ ಸುಮಾರು 27-28 ಅಂಗುಲ ಎತ್ತರ. ಹೆಣ್ಣು ಅದಕ್ಕಿಂತ ಒಂದೆರಡು ಅಂಗುಲ ಕಡಿಮೆ. ಮರಿಯ ತಲೆ ಆಗಲೇ ಕಿರಿದಾಗಿ, ಹಣೆಯಿಂದ ಮೂಗಿನವರೆಗೆ ಹೆಚ್ಚು ತಗ್ಗಿಲ್ಲದೆ ನೀಳವಾಗಿ ಇಳಿದಿರಬೇಕು. ಗುಂಡು ತಲೆ, ಗಿಡ್ಡ ಮೂತಿ ಇದ್ದರೆ ಬೆರಕೆ ಎಂದು ಸಂಶಯಿಸಬಹುದು. ಕಿವಿ ತೆಳುವಾಗಿ ಕೆನ್ನೆಗೆ ಜೋತಿರುತ್ತದೆ. ಬಾಲ ಉದ್ದ, ತುದಿಗೆ ಹೋದಂತೆ ಸಣ್ಣ. ಮೈಗೂದಲು ಗಿಡ್ಡ, ನುಣುಪು. ಕಿವಿ ಬಾಲಗಳಲ್ಲಿ ರೇಷ್ಮೆಯಂಥ ನೀಳ ಕೂದಲಿರುವ ಬಗೆಗೆ ಪಶ್ಮಿ ಎನ್ನುತ್ತಾರೆ.

ಬಣ್ಣದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಕಂದು, ಕೆನೆ, ಕಪ್ಪು, ಬೂದು, ಬಿಳಿಯ ಮಚ್ಚೆಯವು ಎಲ್ಲವೂ ಈ ತಳಿಯಲ್ಲಿವೆ. ಅಪರೂಪದ ಬಣ್ಣವೆಂದು ಹೆಚ್ಚು ಬೆಲೆ ಹೇಳುವವನು ನಾಯಿ ಮಾರುತ್ತಿಲ್ಲ, ಬಣ್ಣ ಮಾರುತ್ತಿದ್ದಾನೆ. ಹಾಗೆಯೇ ಅಂಗುಳು ಕಪ್ಪಗಿದ್ದರೆ ಉಗ್ರ, ಉಗುರು ಇಷ್ಟೇ ಇದ್ದರೆ ಶುಭ, ಬಾಲ ಹಿಡಿದೆತ್ತಿದಾಗ ಅರಚದ ಮರಿ ಗಂಡೆದೆಯದು ಎಂಬ ಮಾತುಗಳಿವೆ. ಅಂಗುಳಿನ ಬಣ್ಣಕ್ಕೂ ಸ್ವಭಾವಕ್ಕೂ ಸಂಬಂಧವಿಲ್ಲ. ಬಾಲ ಹಿಡಿದು ಎತ್ತುವುದಂತೂ ಮರಿಯ ಬೆನ್ನುಮೂಳೆಗೆ ಪೆಟ್ಟು ಮಾಡುವ ಕ್ರೂರ ಪದ್ಧತಿ. ನಿಮ್ಮ ಎದುರಿಗೆ ಯಾರಾದರೂ ಹಾಗೆ ಮಾಡಿದರೆ ತಡೆಯಿರಿ. ಚುರುಕು ಹೆಚ್ಚುತ್ತದೆಂದು ಕಿವಿ ಕತ್ತರಿಸುವುದೂ ಅಂಥದೇ.

ಗಂಡೋ ಹೆಣ್ಣೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಹೆಣ್ಣು ಮನೆಗೆ ಬೇಗ ಹೊಂದಿಕೊಳ್ಳುತ್ತದೆ, ಗಂಡಿನಷ್ಟು ಊರು ಅಲೆಯುವುದಿಲ್ಲ. ಆದರೆ ಬೆದೆಗೆ ಬಂದಾಗ ಕಾಯಬೇಕು, ಇಲ್ಲವೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಹಳ್ಳಿಗಳಲ್ಲಿ ಬೇಡವೆಂದು ಬಿಡುವ ಹೆಣ್ಣು ಮರಿಗಳಲ್ಲಿ ಒಳ್ಳೆಯವು ಕಡಿಮೆ ಬೆಲೆಗೆ ಸಿಗುವುದುಂಟು.

ಮನೆಗೆ ತಂದ ಮೇಲೆ

ಆರಿಸುವ ಕೆಲಸ ಮರಿಯನ್ನು ಮನೆಗೆ ತಂದೊಡನೆ ಮುಗಿಯುವುದಿಲ್ಲ. ಎರಡು ದಿನದೊಳಗೆ ಪಶುವೈದ್ಯರಿಗೆ ತೋರಿಸಿ. ದೋಷವೇನಾದರೂ ಇದ್ದರೆ ಹಿಂದಕ್ಕೆ ಕೊಡುವ ಮಾತನ್ನು ಕೊಳ್ಳುವಾಗಲೇ ಆಡಿ, ಮರಿಯ ಹುಟ್ಟಿದ ತಾರೀಖು, ಹಾಕಿಸಿದ ಲಸಿಕೆ ಬರೆದ ಚೀಟಿ ಪಡೆಯಿರಿ.

ಪಾರ್ವೋ ಎಂಬ ರಕ್ತಭೇದಿಯ ರೋಗದಿಂದ ಮರಿಗಳು ಸಾಯುವುದು ಹೆಚ್ಚಾಗಿ ಈ ಮೊದಲ ವಾರಗಳಲ್ಲಿಯೇ. ತಾಯಿಯ ಮೊದಲ ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಕೆಲವು ವಾರ ಮರಿಯನ್ನು ಕಾಪಾಡುತ್ತದೆ. ಆದರೆ ಅದು ಮೈಯಲ್ಲಿರುವ ತನಕ ಲಸಿಕೆಯ ಗುಣವನ್ನೂ ತಡೆಯುತ್ತದೆ. ಅದು ಯಾವಾಗ ಇಳಿಯುವುದೆಂದು ಮರಿಯಿಂದ ಮರಿಗೆ ಬೇರೆ. ಆದ್ದರಿಂದಲೇ ಆರರಿಂದ ಎಂಟನೆಯ ವಾರದಲ್ಲಿ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರನೆಯ ವಾರದವರೆಗೆ ಲಸಿಕೆ ಹಾಕಿಸಬೇಕಾಗುತ್ತದೆ. ಒಂದು ಸೂಜಿ ಹಾಕಿಸಿದ್ದೇವೆ, ಸಾಕು ಎಂದವರ ಮರಿಗಳೇ ಹೆಚ್ಚು ಸಾಯುವುದು. ಈ ರೋಗದ ವಿಷಾಣು ಮಣ್ಣಿನಲ್ಲಿ ಅನೇಕ ತಿಂಗಳು ಬದುಕಿರುತ್ತದೆ. ನಿಮ್ಮ ಮನೆಯಲ್ಲಿ ಹಿಂದೆ ನಾಯಿಯೊಂದು ರಕ್ತಭೇದಿಯಿಂದ ಸತ್ತಿದ್ದರೆ ವರ್ಷ ಕಳೆಯುವವರೆಗೆ ಲಸಿಕೆ ಪೂರ್ತಿಯಾಗದ ಮರಿಯನ್ನು ಅಲ್ಲಿಗೆ ತರಬೇಡಿ.

ಆಹಾರ ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ. ಜೋಳದ ನುಚ್ಚು, ಗೋವಿನಜೋಳದ ಗಂಜಿ, ರೊಟ್ಟಿ ಮಜ್ಜಿಗೆ ನಮ್ಮ ಕಡೆಯ ರೂಢಿ. ಅದಷ್ಟೇ ಆದರೆ ಎಲುಬು ಗಟ್ಟಿಯಾಗದು. ಹಾಲು, ಬೇಯಿಸಿದ ಮೊಟ್ಟೆ, ಬೇಳೆ, ಆದಾಗ ಮಾಂಸ ಸೇರಿಸಬೇಕು. ಉಳ್ಳಾಗಡ್ಡಿ ಹಾಕಿದ ಸಾರು, ಬೇಯಿಸಿದ ಕೋಳಿಯ ಎಲುಬು ಬೇಡ. ಒಂದು ವರ್ಷ ತುಂಬುವ ಮೊದಲು ಬೈಕಿನ ಹಿಂದೆ, ಗಾಡಿಯ ಹಿಂದೆ ಓಡಿಸುವುದನ್ನು ಕಡ್ಡಾಯವಾಗಿ ಬಿಡಿ. ಎಲುಬಿನ ತುದಿಗಳು ಇನ್ನೂ ಮೆತ್ತಗಿರುತ್ತವೆ. ತಾನಾಗಿ ಆಡಿ ದಣಿದು ಮಲಗಿದರೆ ಅದೇ ಸಾಕು.

ಇನ್ನು ಕುರಿ ಕೋಳಿಯ ಮಾತು. ಈ ಮರಿ ಬೆನ್ನಟ್ಟುವ ಗುಣವನ್ನು ರಕ್ತದಲ್ಲಿಯೇ ತಂದಿರುತ್ತದೆ, ಅದನ್ನು ಅಳಿಸಲಾಗದು. ಯಾವುದನ್ನು ಬೆನ್ನಟ್ಟಬಾರದೆಂದು ಮಾತ್ರ ಕಲಿಸಬಹುದು, ಅದೂ ಎಳೆಯದಿರುವಾಗಲೇ. ಮನೆಗೆ ಬಂದ ಮೊದಲ ವಾರದಿಂದಲೇ ಕೊರಳಿಗೆ ಹಗ್ಗ ಹಾಕಿ ನಿಮ್ಮ ಆಡು, ಕುರಿ, ಕೋಳಿಗಳ ನಡುವೆ ದಿನವೂ ಕುಳ್ಳಿರಿಸಿಕೊಳ್ಳಿ. ಸುಮ್ಮನಿದ್ದಾಗ ರೊಟ್ಟಿಯ ಚೂರು ಕೊಡಿ. ಕೋಳಿಯತ್ತ ಜಿಗಿದರೆ ಹಗ್ಗ ತಡೆದು, ಹೆಸರು ಹಿಡಿದು ಕರೆದು, ಬಂದಾಗ ಮತ್ತೆ ಕೊಡಿ. ಹೊಡೆಯಬೇಡಿ. ಹೊಡೆತ ತಿಂದ ಮುಧೋಳ ನಾಯಿ ಕಲಿಯುವುದಿಲ್ಲ, ದೂರವಾಗುತ್ತದೆ. ದೂರವಾದ ನಾಯಿಯನ್ನು ಬಯಲಿನಲ್ಲಿ ಕರೆದರೆ ಹಿಂತಿರುಗಿ ಬರುವುದಿಲ್ಲ. ಕರೆದೊಡನೆ ಬರುವ ಪಾಠ ಪಕ್ಕಾ ಆಗುವ ತನಕ ಬೇಲಿಯಿಲ್ಲದ ಜಾಗದಲ್ಲಿ ಬಿಚ್ಚತಕ್ಕದ್ದಲ್ಲ.

ಮೂರು ತಿಂಗಳು ತುಂಬಿದಾಗ ರೇಬೀಸ್ ಎಂಬ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆಮೇಲಿನ ಲಸಿಕೆ ಪಶುವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಆಗಬೇಕು. ಅದಕ್ಕೆ ಮೊದಲು ಮರಿ ಮನೆಯ ಯಾರಿಗಾದರೂ ಹಲ್ಲು ತಾಗಿಸಿ ರಕ್ತ ಬಂದರೆ, ಸಣ್ಣ ಮರಿಯಲ್ಲವೇ ಎಂದು ಅರಿಸಿನ ಮೆತ್ತಿ ಕೂರಬೇಡಿ. ಮರಿಗಳಿಗೂ ಈ ರೋಗ ಬರುತ್ತದೆ, ಬಂದರೆ ಮನುಷ್ಯನಿಗೆ ಮದ್ದಿಲ್ಲ. ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಲಸಿಕೆಗೆ ಕೇಳಿ.